ಅವನು, ನೀನು, ನಾನು

ನಮ್ಮ ವ್ಯಾಕರಣದಲ್ಲಿ ಪುರುಷವಾಚಕ ಸರ್ವನಾಮಗಳನ್ನು ಮೂರಾಗಿ ವಿಂಗಡಿಸುವುದು ರೂಢಿ. ‘ಅವನು, ಅವಳು’ ಎಂಬುದು ಪ್ರಥಮ ಪುರುಷ. ‘ನೀನು’ ಎಂಬುದು ಮಧ್ಯಮ ಪುರುಷ. ‘ನಾನು’ ಎಂಬುದು ಉತ್ತಮ ಪುರುಷ. ಇಂಗ್ಲಿಷ್ ವ್ಯಾಕರಣವನ್ನು ಓದಿದವರಿಗೆ ಈ ಕ್ರಮ ತಲೆಕೆಳಗಾಗಿ ಕಾಣುತ್ತದೆ. ಅವರ ಎಣಿಕೆ ‘ನಾನು’ ಎಂಬಲ್ಲಿಂದ ಆರಂಭವಾಗುತ್ತದೆ. ನಮ್ಮ ಪ್ರಾಚೀನರಾದರೋ ‘ನಾನು’ ಎಂಬುದನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟರು. ‘ಉತ್ತಮ’ ಎಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಶ್ರೇಷ್ಠವಾದದ್ದು ಎಂಬ ಅರ್ಥದೊಡನೆ ಕಟ್ಟಕಡೆಯದು ಎಂಬ ಅರ್ಥವೂ ಉಂಟು. ಮೂರು ದಶಕಗಳಿಗೂ ಮಿಕ್ಕಿ ಈ ಪಾಠವನ್ನು ಕಾಲೇಜಿನಲ್ಲಿ ಹೇಳಿದವನು ನಾನು. ನಿವೃತ್ತನಾದ ಮೇಲೆ ಒಂದು ವಿಷಯವಾಗಿ ಓದುತ್ತ ಹೋದಂತೆ, ಈ ಮೂರು ಪುರುಷಗಳ ಕ್ರಮದಲ್ಲಿಯೇ, ಅದೂ ಬಹು ನಿಧಾನವಾಗಿ, ನಡೆದುಬಂದ ಒಂದು ಚರಿತ್ರೆ ನನಗೆ ಕಾಣಿಸಿತು. ಅದು ಆಟಿಸಂ ಎಂಬ ಸ್ಥಿತಿಯೊಡನೆ ಹುಟ್ಟಿದವರ ಚರಿತ್ರೆ. ಮೊದಲು ವೈದ್ಯರು ಅವರನ್ನು ಕುರಿತು ‘ಅವನು’ ಎಂದು ಬರೆದರು. ಆಮೇಲೆ ತಂದೆತಾಯಿಗಳು ಅವರ ಎದುರು ಕುಳಿತು ‘ನೀನು’ ಎಂದರು. ಕಟ್ಟಕಡೆಗೆ ಅವರೇ ‘ನಾನು’ ಎಂದು ಲೇಖನಿ ಹಿಡಿದರು. ಈ ಮೂರು ಘಟ್ಟಗಳನ್ನು ಕುರಿತು ಕೆಲವು ಮಾತುಗಳನ್ನು ಹೇಳುವುದು ಈ ಭಾಷಣದ ಉದ್ದೇಶ.

ಮೊದಲು ಹೆಸರಿನ ವಿಚಾರ. ‘ಆಟಿಸಂ’ ಎಂಬುದು ‘ತಾನು’ ಎಂಬ ಅರ್ಥದ ಗ್ರೀಕ್ ಶಬ್ದದಿಂದ ಬಂದದ್ದು. ಸ್ವಿಟ್ಜರ್ಲೆಂಡಿನ ಮನೋವೈದ್ಯ ಆಯ್ಗೆನ್ ಬ್ಲಾಯ್ಲರ್ 1911ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ಹೊರಲೋಕದಿಂದ ಹಿಂದೆ ಸರಿದ ಕೆಲವು ಮನೋರೋಗಿಗಳ ಲಕ್ಷಣವನ್ನು ಸೂಚಿಸಲು ಇದನ್ನು ಬಳಸಿದರು. ಕನ್ನಡದಲ್ಲಿ ಇದಕ್ಕೆ ‘ಸ್ವಲೀನತೆ’ ಎಂಬ ಮಾತು ಬಂದಿದೆ. ಈ ಅನುವಾದದಲ್ಲಿ ಒಂದು ಸೋಜಿಗವಿದೆ. ತನ್ನಲ್ಲಿ ತಾನು ಲೀನನಾದವನನ್ನು ನಮ್ಮ ಅಧ್ಯಾತ್ಮ ಪರಂಪರೆ ಯೋಗಿ ಎಂದು ಕರೆದು ಕೈಮುಗಿದಿದೆ. ಆಸ್ಪತ್ರೆಯ ಕಡತದಲ್ಲಿ ಅದೇ ಮಾತು ಕೊರತೆಯ ಹೆಸರಾಯಿತು. ಎರಡೂ ಹೊರಗಿನಿಂದ ನೋಡಿ ಇಟ್ಟ ಹೆಸರುಗಳೇ. ಒಳಗಿರುವವರನ್ನು ಆಗ ಯಾರೂ ಕೇಳಿರಲಿಲ್ಲ. ಇಂದಿನ ತಿಳಿವಳಿಕೆಯ ಪ್ರಕಾರ ಆಟಿಸಂ ಮಿದುಳು ಬೆಳೆಯುವ ರೀತಿಯಲ್ಲಿಯೇ ಇರುವ ಒಂದು ಭಿನ್ನತೆ. ಅದು ಹುಟ್ಟಿನಿಂದ ಬಂದು ಬದುಕಿನುದ್ದಕ್ಕೂ ಇರುತ್ತದೆ. ಅನ್ಯರೊಡನೆ ಮಾತು-ಒಡನಾಟಗಳು ನಡೆಯುವ ಬಗೆ, ಸದ್ದು ಬೆಳಕು ಸ್ಪರ್ಶಗಳು ಅನುಭವಕ್ಕೆ ಬರುವ ಬಗೆ, ಪುನರಾವರ್ತನೆಯಲ್ಲಿರುವ ಪ್ರೀತಿ, ಇವುಗಳಲ್ಲಿ ಅದು ಪ್ರಕಟವಾಗುತ್ತದೆ. ಕೆಲವರು ಸೊಗಸಾಗಿ ಮಾತನಾಡುತ್ತಾರೆ. ಕೆಲವರಿಗೆ ಮಾತೇ ಬರುವುದಿಲ್ಲ. ಕೆಲವರಿಗೆ ದಿನದ ಇಪ್ಪತ್ತನಾಲ್ಕು ಗಂಟೆಯೂ ಇನ್ನೊಬ್ಬರ ನೆರವು ಬೇಕು.

ಈ ಮಕ್ಕಳನ್ನು ಮೊದಲು ಕಂಡವರು ಯಾರು ಎಂಬ ಪ್ರಶ್ನೆಗೆ ಬಹುಕಾಲ ಒಂದೇ ಉತ್ತರವಿತ್ತು: ಅಮೆರಿಕದ ಲಿಯೋ ಕ್ಯಾನರ್. ಆದರೆ ಕ್ಯಾನರ್ ಅವರಿಗಿಂತ ಹದಿನೆಂಟು ವರ್ಷ ಮೊದಲೇ, 1925ರಲ್ಲಿ, ಮಾಸ್ಕೋದ ಗ್ರೂನ್ಯಾ ಸುಖರೇವಾ ಎಂಬ ವೈದ್ಯೆ ಆರು ಮಂದಿ ಹುಡುಗರನ್ನು ಕುರಿತು ಬರೆದಿದ್ದರು. 1926ರಲ್ಲಿ ಆ ಲೇಖನ ಜರ್ಮನ್ ಭಾಷೆಯಲ್ಲಿಯೂ ಬಂದಿತು. ಅವರು ಬರೆದದ್ದನ್ನು ಇಂದು ಓದುವ ವೈದ್ಯರು ಅದರಲ್ಲಿ ಆಟಿಸಂನ ಚಿತ್ರವನ್ನು ಸ್ಪಷ್ಟವಾಗಿ ಗುರುತಿಸುತ್ತಾರೆ. ಲೋಕ ಅದನ್ನು ಮರೆತಿತು. ಹೆಂಗಸೊಬ್ಬಳು ರಷ್ಯನ್ ಭಾಷೆಯಲ್ಲಿ ಬರೆದದ್ದು ಇಂಗ್ಲಿಷ್ ಲೋಕದ ಕಿವಿಗೆ ಬೀಳಲು ದಶಕಗಳೇ ಬೇಕಾದುವು.

ಕ್ಯಾನರ್ ತಾರುಣ್ಯದಲ್ಲಿ ಕವಿಯಾಗಬೇಕೆಂದು ಹಂಬಲಿಸಿದವರು. ಆ ಹಂಬಲ ಕೈಗೂಡದೆ ವೈದ್ಯರಾಗಿ 1924ರಲ್ಲಿ ಯುರೋಪಿನಿಂದ ಅಮೆರಿಕಕ್ಕೆ ಹೋದರು. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿದ್ದಾಗ, 1938ರಲ್ಲಿ, ಅವರಿಗೆ ಮಿಸಿಸಿಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನ ವಕೀಲರೊಬ್ಬರಿಂದ ಒಂದು ಪತ್ರ ಬಂದಿತು. ಅದು 33 ಪುಟಗಳ ಪತ್ರ. ತಮ್ಮ ಐದು ವರ್ಷದ ಮಗ ಡೊನಾಲ್ಡ್ ಟ್ರಿಪ್ಲೆಟ್ ವಿಷಯವನ್ನು ಆ ತಂದೆ ಬಿಡಿಬಿಡಿಯಾಗಿ ಬರೆದಿದ್ದರು. ಆ ಹುಡುಗ ಎರಡು ವರ್ಷ ತುಂಬುವ ಹೊತ್ತಿಗೆ ಬೈಬಲ್ಲಿನ ಒಂದು ಕೀರ್ತನೆಯನ್ನು ಬಾಯಿಪಾಠ ಒಪ್ಪಿಸುತ್ತಿದ್ದ. ಕೈಗೆ ಸಿಕ್ಕ ದುಂಡಗಿನ ವಸ್ತುಗಳನ್ನೆಲ್ಲ ಗರಗರನೆ ತಿರುಗಿಸಿ ಆನಂದಪಡುತ್ತಿದ್ದ. ಮನೆಯವರು ಬಂದರೂ ಹೋದರೂ ಗಮನಿಸುತ್ತಿರಲಿಲ್ಲ. ಅದಕ್ಕೆ ಹಿಂದಿನ ವರ್ಷ ವೈದ್ಯರ ಸಲಹೆಯಂತೆ ಅವನನ್ನು ಮನೆಯಿಂದ ದೂರದ ಒಂದು ಸಂಸ್ಥೆಯಲ್ಲಿ ಇರಿಸಿದ್ದರು. ಅಲ್ಲಿ ಅವನು ಬಾಡಿಹೋಗುತ್ತಿರುವುದನ್ನು ಕಂಡು ತಂದೆತಾಯಿಗಳು ಒಂದು ವರ್ಷದ ತರುವಾಯ ಹಟ ಹಿಡಿದು ಮನೆಗೆ ಕರೆತಂದರು. 1943ರಲ್ಲಿ ಕ್ಯಾನರ್ ಎಂಟು ಗಂಡು ಮೂರು ಹೆಣ್ಣು, ಒಟ್ಟು 11 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದಾಗ, ಅದರಲ್ಲಿ ಮೊದಲನೆಯವನು ಈ ಡೊನಾಲ್ಡ್.

ಭಾಷೆಯ ವಿದ್ಯಾರ್ಥಿಗಳಾದ ನಮ್ಮನ್ನು ತಡೆದು ನಿಲ್ಲಿಸುವ ಎರಡು ಸಂಗತಿಗಳು ಕ್ಯಾನರ್ ಅವರ ಬರಹದಲ್ಲಿವೆ. ಒಂದು, ಸರ್ವನಾಮಗಳ ವಿಪರ್ಯಾಸ. ಡೊನಾಲ್ಡ್ ತನ್ನನ್ನು ಕುರಿತು ‘ನೀನು’ ಎನ್ನುತ್ತಿದ್ದ. ತನಗೆ ಸ್ನಾನ ಬೇಕೆನಿಸಿದಾಗ, ತಾಯಿ ಯಾವ ಮಾತಿನಲ್ಲಿ ತನ್ನನ್ನು ಕೇಳುತ್ತಿದ್ದಳೋ ಅದೇ ಪ್ರಶ್ನೆಯನ್ನು ಅದೇ ಧಾಟಿಯಲ್ಲಿ ತಾನು ಕೇಳುತ್ತಿದ್ದ. ಎರಡನೆಯದು ಇನ್ನೂ ಸ್ವಾರಸ್ಯವಾದದ್ದು. ತಂದೆ ಅವನಿಗೆ, ‘ಹೌದು’ ಎಂದರೆ ಹೆಗಲ ಮೇಲೆ ಕೂಡಿಸಿಕೊಳ್ಳುವೆನೆಂದು ಹೇಳಿ ಆ ಮಾತನ್ನು ಕಲಿಸಿದರು. ಅಂದಿನಿಂದ ಆ ಹುಡುಗನಿಗೆ ‘ಹೌದು’ ಎಂಬುದಕ್ಕೆ ಒಂದೇ ಅರ್ಥ: ನನ್ನನ್ನು ಹೆಗಲ ಮೇಲೆ ಕೂಡಿಸಿಕೋ. ಇನ್ನೊಬ್ಬ ಹುಡುಗನಿದ್ದ. ಅವನ ತಾಯಿ ಅಡುಗೆಮನೆಯಲ್ಲಿ ಶಿಶುಗೀತೆಯೊಂದನ್ನು ಹೇಳುತ್ತಿದ್ದಾಗ ಆಕೆಯ ಕೈಯಿಂದ ಪಾತ್ರೆ ಜಾರಿ ಬಿದ್ದಿತು. ಅಂದಿನಿಂದ ಪಾತ್ರೆಯನ್ನು ಕಂಡಾಗಲೆಲ್ಲ ಆ ಗೀತೆಯ ಎರಡು ಶಬ್ದಗಳೇ ಅವನ ಬಾಯಿಂದ ಬರುತ್ತಿದ್ದುವು. ಕೇಳುವವರಿಗೆ ಅದು ಅಸಂಬದ್ಧ ಪ್ರಲಾಪ. ಆ ಅಡುಗೆಮನೆಯ ಘಟನೆಯನ್ನು ಬಲ್ಲವರಿಗೆ ಮಾತ್ರ ಅದು ಸಾರ್ಥಕವಾದ ನುಡಿ. 1946ರಲ್ಲಿ ಕ್ಯಾನರ್ ಇದನ್ನು ಕುರಿತೇ ಒಂದು ಲೇಖನವನ್ನು ಬರೆದು, ಇಂಥ ಮಾತುಗಳು ಅರ್ಥಹೀನವಲ್ಲ, ರೂಪಕಗಳು, ಅವುಗಳ ಮೂಲ ಮಗುವಿನ ಖಾಸಗಿ ಅನುಭವದಲ್ಲಿದೆ ಎಂದು ವಾದಿಸಿದರು. ಕವಿಯಾಗಲು ಹೊರಟಿದ್ದ ಮನುಷ್ಯ ಈ ಮಾತನ್ನು ಹೇಳಿದ್ದು ಆಕಸ್ಮಿಕವಲ್ಲವೆಂದು ನನ್ನ ಭಾವನೆ. ನಮ್ಮ ಆಲಂಕಾರಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ಲಕ್ಷಣಾವೃತ್ತಿ ಇದೆ. ಮುಖ್ಯಾರ್ಥಕ್ಕೂ ಲಕ್ಷ್ಯಾರ್ಥಕ್ಕೂ ನಡುವೆ ಸಂಬಂಧವೂ ಇದೆ. ಆ ಸಂಬಂಧವನ್ನು ಬಲ್ಲ ಸಹೃದಯನೊಬ್ಬ ಮಾತ್ರ ಬೇಕು. ಕವಿಯ ರೂಪಕ ಎಲ್ಲರಿಗೂ ತೆರೆದದ್ದು. ಈ ಮಗುವಿನ ರೂಪಕಕ್ಕೆ ಒಬ್ಬ ತಾಯಿಯೇ ವ್ಯಾಖ್ಯಾನಕಾರಳು. ಸೃಷ್ಟಿಶೀಲತೆ ಎಂಬ ದೊಡ್ಡ ಮಾತನ್ನು ಬಳಸುವಾಗ ನಾವು ಮೊದಲು ನೋಡಬೇಕಾದದ್ದು ಈ ಅಡುಗೆಮನೆಯ ರೂಪಕವನ್ನು.

ಕ್ಯಾನರ್ ಹೀಗೆ ಕಿವಿಗೊಟ್ಟು ಕೇಳಿದರು. ಆದರೂ ಅವರ ಬರಹದ ಪುರುಷ ಪ್ರಥಮ ಪುರುಷವೇ. ಪ್ರಥಮ ಪುರುಷದಲ್ಲಿ ಬರೆಯುವವನ ಕೈಯಲ್ಲಿ ಎಂಥ ಅಧಿಕಾರವಿರುತ್ತದೆಂಬುದಕ್ಕೆ ವಿಯೆನ್ನಾದ ಕಥೆ ಸಾಕ್ಷಿ. 1944ರಲ್ಲಿ ಅಲ್ಲಿಯ ಹಾನ್ಸ್ ಆಸ್ಪರ್ಗರ್ ನಾಲ್ವರು ಹುಡುಗರ ವೃತ್ತಾಂತವನ್ನು ಪ್ರಕಟಿಸಿದರು. ಈ ಮಕ್ಕಳ ಬುದ್ಧಿಯ ಸ್ವಂತಿಕೆಯನ್ನು ಅವರು ಮೆಚ್ಚಿ ಬರೆದರು. 1981ರಲ್ಲಿ ಬ್ರಿಟನ್ನಿನ ಲೋರ್ನಾ ವಿಂಗ್ ಅವರ ಲೇಖನದ ಮೂಲಕ ಆಸ್ಪರ್ಗರ್ ಹೆಸರು ಜಗತ್ತಿಗೆ ತಿಳಿದು, ಒಂದು ಸ್ಥಿತಿಗೇ ಅವರ ಹೆಸರು ಬಂದಿತು. ಆದರೆ 2018ರಲ್ಲಿ ಹೆರ್ವಿಗ್ ಚೆಕ್ ಎಂಬ ಚರಿತ್ರಕಾರರು ಹಳೆಯ ದಾಖಲೆಗಳನ್ನು ಶೋಧಿಸಿ ಬೇರೊಂದು ಮುಖವನ್ನು ತೋರಿಸಿದರು. ವಿಯೆನ್ನಾದ ಸ್ಪೀಗೆಲ್‌ಗ್ರುಂಡ್ ಎಂಬ ಸಂಸ್ಥೆಯಲ್ಲಿ ನಾಜಿ ಆಡಳಿತದ ಕಾಲದಲ್ಲಿ ಸುಮಾರು 800 ಮಕ್ಕಳು ಪ್ರಾಣ ಕಳೆದುಕೊಂಡರು. ಅಂಗವೈಕಲ್ಯ, ಬುದ್ಧಿಮಾಂದ್ಯಗಳುಳ್ಳ ಮಕ್ಕಳನ್ನು ಕೊಲ್ಲುವ ಕಾರ್ಯಕ್ರಮ ಅಲ್ಲಿ ನಡೆಯುತ್ತಿತ್ತು. ಆ ಸಂಸ್ಥೆಗೆ ಕೆಲವು ಮಕ್ಕಳನ್ನು ಕಳುಹಿಸಿದ ಕಾಗದಗಳಲ್ಲಿ ಆಸ್ಪರ್ಗರ್ ಅವರ ರುಜುವಿತ್ತು. ಒಂದೇ ಲೇಖನಿ ಒಂದು ಮಗುವನ್ನು ‘ಪ್ರತಿಭಾವಂತ’ ಎಂದಿತು. ಇನ್ನೊಂದು ಮಗುವನ್ನು ‘ಮನೆಗೆ ಹೊರೆ’ ಎಂದಿತು. ಪ್ರತಿಭೆಯೇ ಬದುಕುವ ಹಕ್ಕಿಗೆ ಅರ್ಹತಾಪತ್ರವಾದರೆ ಏನಾಗುತ್ತದೆಂಬುದನ್ನು ಇದಕ್ಕಿಂತ ಕಠೋರವಾಗಿ ಹೇಳುವ ನಿದರ್ಶನ ನನಗೆ ತಿಳಿಯದು.

ಇನ್ನು ಮಧ್ಯಮ ಪುರುಷದ ಕಾಲ. ಆಟಿಸಂಗೆ ತಾಯಿಯ ತಣ್ಣನೆಯ ಮನಸ್ಸೇ ಕಾರಣ ಎಂಬ ನಂಬಿಕೆ ಅಮೆರಿಕದಲ್ಲಿ ಎರಡು ದಶಕಗಳ ಕಾಲ ಮೆರೆಯಿತು. ಶಿಕಾಗೋದ ಬ್ರೂನೋ ಬೆಟಲ್‌ಹೈಮ್ 1967ರಲ್ಲಿ ಪ್ರಕಟಿಸಿದ ಪುಸ್ತಕದ ಹೆಸರನ್ನು ಕನ್ನಡದಲ್ಲಿ ‘ಬರಿದಾದ ಕೋಟೆ’ ಎನ್ನಬಹುದು. ಮಗು ತಾಯಿಗೆ ಹೆದರಿ ಕೋಟೆ ಕಟ್ಟಿಕೊಂಡು ಒಳಗೆ ಕುಳಿತಿದೆ ಎಂಬುದು ಅವರ ಸಿದ್ಧಾಂತ. ಅದಾಗಲೇ 1964ರಲ್ಲಿ ಬರ್ನಾರ್ಡ್ ರಿಮ್ಲೆಂಡ್ ಎಂಬ ಮನಶ್ಶಾಸ್ತ್ರಜ್ಞರು ಈ ವಾದಕ್ಕೆ ಆಧಾರವೇ ಇಲ್ಲವೆಂದು ಒಂದು ಗ್ರಂಥವನ್ನು ಬರೆದಿದ್ದರು. ಅವರು ಸ್ವತಃ ಇಂಥ ಮಗುವೊಂದರ ತಂದೆ. 1969ರಲ್ಲಿ ಕ್ಯಾನರ್ ಪಾಲಕರ ಸಭೆಯೊಂದರಲ್ಲಿ ನಿಂತು ಅವರನ್ನು ಈ ಆರೋಪದಿಂದ ಬಹಿರಂಗವಾಗಿ ಮುಕ್ತಗೊಳಿಸಿದರು. 1977ರಲ್ಲಿ ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕಲ್ ರಟರ್ 21 ಅವಳಿ ಜೋಡಿಗಳನ್ನು ಪರಿಶೀಲಿಸಿ ಆನುವಂಶಿಕತೆಯ ಪಾತ್ರವನ್ನು ತೋರಿಸಿದ ಮೇಲೆ ಆ ಕೋಟೆಯ ಸಿದ್ಧಾಂತ ಕುಸಿಯತೊಡಗಿತು. ಅಷ್ಟರೊಳಗೆ ಎಷ್ಟು ತಾಯಂದಿರು ತಾವು ಮಾಡದ ಅಪರಾಧಕ್ಕೆ ಕಣ್ಣೀರಿಟ್ಟಿದ್ದರೋ!

ಬೆಟಲ್‌ಹೈಮರ ಪುಸ್ತಕ ಬಂದ 1967ರಲ್ಲಿಯೇ ಇನ್ನೊಂದು ಪುಸ್ತಕವೂ ಬಂದಿತು. ಅದರ ಹೆಸರು ‘ಮುತ್ತಿಗೆ’ ಎಂಬರ್ಥದ್ದು. ಲೇಖಕಿ ಕ್ಲಾರಾ ಕ್ಲೇಬೋರ್ನ್ ಪಾರ್ಕ್. ಆಕೆ ಸಾಹಿತ್ಯದ ಅಧ್ಯಾಪಕಿ. ಮ್ಯಾಸಚೂಸೆಟ್ಸ್ ರಾಜ್ಯದ ವಿಲಿಯಮ್ಸ್‌ಟೌನ್ ಎಂಬ ಊರಿನವರು. 1958ರಲ್ಲಿ ಹುಟ್ಟಿದ ಅವರ ನಾಲ್ಕನೆಯ ಮಗು ಜೆಸ್ಸಿ, ನೆಲದ ಮೇಲಿನ ಒಂದು ಗುರುತನ್ನು ಅಂಬೆಗಾಲಿಟ್ಟು ಸುತ್ತುತ್ತ ಸುತ್ತುತ್ತ ಆನಂದದಲ್ಲಿ ಮೈಮರೆಯುತ್ತಿದ್ದ ದೃಶ್ಯದಿಂದ ಆ ಪುಸ್ತಕ ಮೊದಲಾಗುತ್ತದೆ. ಇಲ್ಲಿಯೂ ಕೋಟೆಯ ರೂಪಕವೇ ಇದೆ. ಆದರೆ ಅದನ್ನು ಹಿಡಿದ ಕೈ ಬೇರೆ. ಈ ತಾಯಿ ಕೋಟೆಯ ಮುಂದೆ ಡೇರೆ ಹಾಕಿ ಕುಳಿತು, ಮಗು ಕಲಿತ ಒಂದೊಂದು ಶಬ್ದವನ್ನೂ ಅದು ಬಂದ ಸಂದರ್ಭದೊಡನೆ ಬರೆದಿಟ್ಟಳು. ಕಾವ್ಯಪಾಠವನ್ನು ಪರಿಶೀಲಿಸುವ ವಿದ್ವಾಂಸನ ತಾಳ್ಮೆ ಅದು.

ಆ ತಾಳ್ಮೆಗೆ ಕಂಡದ್ದೇನು? ಜೆಸ್ಸಿಯ ಮನಸ್ಸಿನಲ್ಲಿ ಬಿಸಿಲಿಗೂ ಮೋಡಕ್ಕೂ ಸಂಖ್ಯೆಗಳಿಗೂ ಹೊಂದಿಕೆಯಾದ ಒಂದು ವ್ಯವಸ್ಥೆಯಿತ್ತು. ಬೆಳಕಿನ ಏರಿಳಿತಗಳನ್ನೂ ತನ್ನ ಸುಖದ ಏರಿಳಿತಗಳನ್ನೂ ಅವಳು ಅಂಕಿಗಳ ಮೂಲಕ ಕ್ರಮಪಡಿಸುತ್ತಿದ್ದಳು. ಇದನ್ನು ಕುರಿತು 1974ರಲ್ಲಿ ಕ್ಲಾರಾ ಪಾರ್ಕ್ ಇನ್ನೊಬ್ಬರೊಡಗೂಡಿ ಒಂದು ಶಾಸ್ತ್ರೀಯ ಲೇಖನವನ್ನೇ ಪ್ರಕಟಿಸಿದರು. ಮುಂದೆ ಜೆಸ್ಸಿ ಪಾರ್ಕ್ ಚಿತ್ರಕಲಾವಿದೆಯಾದರು. ಅವರು ಬರೆದದ್ದು ಮನೆಗಳು, ಸೇತುವೆಗಳು, ವಿದ್ಯುತ್ ಹೀಟರುಗಳು. ಇಟ್ಟಿಗೆಯ ಗೆರೆಯೂ ತಪ್ಪದಷ್ಟು ನಿಖರವಾದ ಕಟ್ಟಡ; ಬಣ್ಣ ಮಾತ್ರ ಕಾಮನಬಿಲ್ಲಿನದು; ಮೇಲೆ ನಕ್ಷತ್ರಗಳು ತಂತಮ್ಮ ಸ್ಥಾನದಲ್ಲಿರುವ ಇರುಳಿನ ಆಕಾಶ. ಈ ಕಲಾವಿದೆಯ ನಿತ್ಯದ ವೃತ್ತಿ ವಿಲಿಯಮ್ಸ್ ಕಾಲೇಜಿನ ಅಂಚೆಕೋಣೆಯಲ್ಲಿ ಪತ್ರಗಳನ್ನು ವಿಂಗಡಿಸುವುದು. ಅದನ್ನು ಅವರು ವರ್ಷಾನುಗಟ್ಟಲೆ ಅಚ್ಚುಕಟ್ಟಾಗಿ ಮಾಡಿದರು. 2001ರಲ್ಲಿ ತಾಯಿ ಎರಡನೆಯ ಪುಸ್ತಕವನ್ನು ಬರೆದಾಗ ಕೋಟೆಯ ರೂಪಕ ಮರೆಯಾಗಿತ್ತು. ಅದರ ಹೆಸರಿನಲ್ಲಿ ನಮ್ಮ ದೇಶದ ಶಬ್ದವೊಂದಿದೆ: ‘ನಿರ್ವಾಣ’. ಬಯಕೆಯಿಲ್ಲದ ಶಾಂತಿಯಿಂದ ಮಗಳು ಬಯಕೆ, ದುಡಿಮೆ, ಸಂಬಳ, ಸಿಟ್ಟು, ನಗೆಗಳ ಸಂಸಾರಕ್ಕೆ ನಡೆದುಬಂದಳೆಂಬುದು ಅದರ ಕಥೆ. ನಮ್ಮವರು ಸಂಸಾರದಿಂದ ನಿರ್ವಾಣಕ್ಕೆ ಹೋಗುವ ದಾರಿಯನ್ನು ಹುಡುಕಿದರು; ಈ ತಾಯಿ ನಿರ್ವಾಣದಿಂದ ಸಂಸಾರಕ್ಕೆ ಬರುವ ದಾರಿಯನ್ನು ನಲವತ್ತು ವರ್ಷ ಸವೆಸಿದರು.

‘ನೀನು’ ಎಂಬ ಶಬ್ದದ ತೊಡಕನ್ನು ನಾನು ಕನ್ನಡದಲ್ಲಿಯೂ ಕೇಳಿದ್ದೇನೆ. ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಆರು ವರ್ಷದ ಅವಳ ಮಗ ಬಾಯಾರಿದಾಗ “ನಿನಗೆ ನೀರು ಬೇಕಾ?” ಎಂದು ಕೇಳುತ್ತಾನಂತೆ. “ಸಾರ್, ‘ನಾನು’ ಎಂಬುದನ್ನು ಹೇಗೆ ಕಲಿಸುವುದು?” ಎಂಬುದು ಅವಳ ಪ್ರಶ್ನೆ. ಎಂ.ಎ. ತರಗತಿಯಲ್ಲಿ ನನಗೆ ಇಷ್ಟು ಕಷ್ಟದ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಯೋಚಿಸಿದರೆ ಆ ಹುಡುಗನ ತರ್ಕದಲ್ಲಿ ಲೋಪವಿಲ್ಲ. ಮರ, ಮನೆ, ಲೋಟ ಎಂಬ ಹೆಸರುಗಳು ತಮ್ಮ ವಸ್ತುವಿನ ಮೇಲೆ ಸ್ಥಿರವಾಗಿ ಕೂತಿರುತ್ತವೆ. ‘ನಾನು, ನೀನು’ ಎಂಬಿವು ಮಾತ್ರ ಬಾಯಿಂದ ಬಾಯಿಗೆ ನೆಗೆಯುತ್ತವೆ. ಲೋಕದವರೆಲ್ಲ ತನ್ನನ್ನು ‘ನೀನು’ ಎಂದೇ ಕರೆಯುವಾಗ ತನ್ನ ಹೆಸರು ‘ನೀನು’ ಎಂದು ಅವನು ತಿಳಿದರೆ ತಪ್ಪೇನು? ಕನ್ನಡದಲ್ಲಿ ಇನ್ನೂ ಒಂದು ತೊಡಕಿದೆ. ‘ಬಂದೆ, ಬಂದಿ, ಬಂದನು’ ಎಂದು ಕ್ರಿಯಾಪದದ ಕೊನೆಯಲ್ಲಿಯೂ ಪುರುಷ ಅಡಗಿರುತ್ತದೆ. ಸರ್ವನಾಮವನ್ನು ಬಿಟ್ಟು ಮಾತನಾಡಿದರೂ ಅದು ಬಿಡುವುದಿಲ್ಲ. ಆ ತಾಯಿಗೆ ವಾಕ್‌ಚಿಕಿತ್ಸಕಿಯೊಬ್ಬರು ಒಂದು ಉಪಾಯವನ್ನು ಹೇಳಿಕೊಟ್ಟರು. ಎದುರು ನಿಂತು ಕೇಳುವುದನ್ನು ಬಿಟ್ಟು, ಮಗನ ಬೆನ್ನ ಹಿಂದೆ ಕುಳಿತು, ಅವನ ಕಡೆಯಿಂದ “ನನಗೆ ನೀರು ಬೇಕು” ಎಂದು ಹೇಳಬೇಕು. ಅವಳು ಹಾಗೆಯೇ ಮಾಡಿದಳು. ಕೆಲವು ತಿಂಗಳಾದ ಮೇಲೆ ಹುಡುಗ ಮೊದಲ ಬಾರಿಗೆ ‘ನನಗೆ’ ಎಂದನಂತೆ. ಅದು ನೀರಿಗಾಗಿ ಅಲ್ಲ. ಅಡುಗೆಮನೆಯಲ್ಲಿ ಮಿಕ್ಸಿ ತಿರುಗುತ್ತಿದ್ದಾಗ ಕಿವಿ ಮುಚ್ಚಿಕೊಂಡು, “ನನಗೆ ಸದ್ದು ಬೇಡ” ಎಂದ. ಅದುವರೆಗೆ ಆ ಮನೆಯಲ್ಲಿ ಅವನ ಅಳುವಿಗೆ ನೂರು ಕಾರಣಗಳನ್ನು ಊಹಿಸಿದ್ದರು. ಉತ್ತಮ ಪುರುಷದ ಒಂದು ವಾಕ್ಯ ಅವೆಲ್ಲವನ್ನೂ ಬದಿಗೊತ್ತಿತು.

ಲೋಕದ ಚರಿತ್ರೆಯಲ್ಲಿ ಅಂಥ ವಾಕ್ಯಗಳು 1986ರಿಂದ ಕೇಳಿಬರತೊಡಗಿದುವು. ಆ ವರ್ಷ ಅಮೆರಿಕದ ಟೆಂಪಲ್ ಗ್ರ್ಯಾಂಡಿನ್ ತಮ್ಮ ಆತ್ಮಕಥೆಯನ್ನು ಪ್ರಕಟಿಸಿದರು. ಆಟಿಸಂ ಇರುವವರಿಗೆ ಅಂತರಂಗವೇ ಇಲ್ಲವೆಂದು ನಂಬಿದ್ದ ಪಂಡಿತರಿಗೆ ಅದು ಸೋಜಿಗವಾಯಿತು. 1947ರಲ್ಲಿ ಹುಟ್ಟಿದ ಈಕೆಗೆ ಮೂರು ವರ್ಷ ಕಳೆದರೂ ಮಾತು ಬಂದಿರಲಿಲ್ಲ. ಅಪ್ಪುಗೆ ಬೇಕು, ಆದರೆ ಮನುಷ್ಯರ ಅಪ್ಪುಗೆಯನ್ನು ತಾಳಲಾಗದು; ಇದು ಆಕೆಯ ಸಂಕಟ. ಹರೆಯದಲ್ಲಿ ಅರಿಜೋನಾದ ಬಂಧುಗಳ ದನದ ಕೊಟ್ಟಿಗೆಯಲ್ಲಿ, ಚುಚ್ಚುಮದ್ದು ಹಾಕುವಾಗ ದನಗಳನ್ನು ಎರಡು ಬದಿಯಿಂದ ಒತ್ತಿ ಹಿಡಿಯುವ ಚೌಕಟ್ಟೊಂದನ್ನು ಕಂಡರು. ಬೆದರಿದ ದನ ಅದರಲ್ಲಿ ಶಾಂತವಾಗುತ್ತಿತ್ತು. ತಾವೂ ಅದರೊಳಗೆ ಹೊಕ್ಕು ನೋಡಿ, ಮುಂದೆ ತಮಗಾಗಿಯೇ ಅಂಥ ಯಂತ್ರವೊಂದನ್ನು ಮಾಡಿಕೊಂಡರು. ಅನಂತರ ಪಶುವಿಜ್ಞಾನದ ಪ್ರಾಧ್ಯಾಪಕಿಯಾಗಿ, ದನಗಳು ನಡೆಯುವ ಓಣಿಗಳಿಗೆ ಹೊಸ ವಿನ್ಯಾಸಗಳನ್ನು ರಚಿಸಿದರು. ನೇತಾಡುವ ಸರಪಳಿ, ನೆಲದ ಮೇಲಿನ ನೆರಳು, ಬೇಲಿಗೆ ಹಾಕಿದ ಅಂಗಿ, ಇವುಗಳನ್ನು ಕಂಡು ದನ ಬೆದರುತ್ತದೆಂಬುದು ಅವರಿಗೆ ಹೊಳೆದದ್ದು ತಮ್ಮದೇ ಬೆದರಿಕೆಗಳ ಅನುಭವದಿಂದ. ಆ ಓಣಿಗಳು ಹೆಚ್ಚಾಗಿ ಕಸಾಯಿಖಾನೆಗೆ ಸೇರಿದುವು. ಆ ಮಾತು ನಮ್ಮಲ್ಲಿ ಅನೇಕರಿಗೆ ಅಹಿತ. ಸಾಯಲು ಹೊರಟ ಪಶುವಿಗೂ ಭಯವಿಲ್ಲದಿರಲಿ ಎಂಬ ಕರುಣೆಯನ್ನು, ಅನುಕಂಪವೇ ಇಲ್ಲದವರೆಂದು ಶಾಸ್ತ್ರ ವರ್ಣಿಸಿದ ಗುಂಪಿನ ಹೆಣ್ಣೊಬ್ಬಳು ಯಂತ್ರರೂಪದಲ್ಲಿ ನಿರ್ಮಿಸಿದಳೆಂಬುದನ್ನು ಮಾತ್ರ ಗಮನಿಸೋಣ.

1992ರಲ್ಲಿ ಆಸ್ಟ್ರೇಲಿಯಾದ ಡೋನಾ ವಿಲಿಯಮ್ಸ್ ತಮ್ಮ ಆತ್ಮಕಥೆಯನ್ನು ಬರೆದರು. 1993ರಲ್ಲಿ ಅಮೆರಿಕದ ಜಿಮ್ ಸಿಂಕ್ಲೇರ್ ಬರೆದ ಪುಟ್ಟ ಲೇಖನವೊಂದು ಈ ಚರಿತ್ರೆಯ ದಿಕ್ಕನ್ನೇ ತಿರುಗಿಸಿತು. ಅದು ಪಾಲಕರನ್ನು ಉದ್ದೇಶಿಸಿದ್ದು. ನಮಗಾಗಿ ಶೋಕಿಸಬೇಡಿ ಎಂಬುದು ಅದರ ಶೀರ್ಷಿಕೆಯ ಭಾವ. ಅದರ ತಾತ್ಪರ್ಯವಿಷ್ಟು: ನೀವು ಕನಸಿದ ಮಗು ಹುಟ್ಟಲಿಲ್ಲವೆಂಬ ದುಃಖ ನಿಮ್ಮದು, ಅದನ್ನು ನೀವು ಅನುಭವಿಸಿ ಮುಗಿಸಿ. ಆದರೆ ಹುಟ್ಟಿದ ಮಗು ಸತ್ತಿಲ್ಲ, ನಿಮ್ಮೆದುರಿಗೇ ಇದೆ. ಆಟಿಸಂ ಎಂಬುದು ಒಂದು ಚಿಪ್ಪು, ಅದರೊಳಗೆ ಬೇರೊಂದು ಮಗು ಸಿಕ್ಕಿಕೊಂಡಿದೆ ಎಂದು ತಿಳಿಯಬೇಡಿ. ಹೀಗೆ ಕೋಟೆಯ ರೂಪಕಕ್ಕೆ ಕೋಟೆಯೊಳಗಿನವರೆಂದು ಎಣಿಸಿದವರೇ ಉತ್ತರ ಕೊಟ್ಟರು: ಇಲ್ಲಿ ಕೋಟೆಯಿಲ್ಲ, ಇರುವವರು ನಾವೇ.

ಈ ಉತ್ತಮ ಪುರುಷದ ಕಥೆಯಲ್ಲಿ ನಮ್ಮ ಮೈಸೂರಿಗೂ ಒಂದು ಸ್ಥಾನವಿದೆ. 1989ರಲ್ಲಿ ಹುಟ್ಟಿ ಮೈಸೂರು ಬೆಂಗಳೂರುಗಳಲ್ಲಿ ಬೆಳೆದ ಬಂಗಾಳಿ ಹುಡುಗ ತೀತೊ ರಾಜರ್ಷಿ ಮುಖೋಪಾಧ್ಯಾಯ. ಅವನಿಗೆ ಮಾತು ಬಾರದು. ತಾಯಿ ಸೋಮಾ ಹಟ ಹಿಡಿದು ಅಕ್ಷರಫಲಕದಿಂದ ಆರಂಭಿಸಿ, ಕೈಗೆ ಪೆನ್ಸಿಲನ್ನು ಕಟ್ಟಿ ಅವನಿಗೆ ಬರೆಯುವುದನ್ನು ಕಲಿಸಿದರು. ಎಂಟರಿಂದ ಹನ್ನೊಂದರ ವಯಸ್ಸಿನಲ್ಲಿ ಅವನು ಇಂಗ್ಲಿಷಿನಲ್ಲಿ ಬರೆದ ಗದ್ಯಪದ್ಯಗಳನ್ನು 2000ದಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಆಟಿಸಂ ಸಂಘ ಪುಸ್ತಕವಾಗಿ ತಂದಿತು. ತನ್ನಲ್ಲಿ ಇಬ್ಬರಿದ್ದಾರೆ, ಯೋಚಿಸುವ ತಾನು ಒಬ್ಬ, ವರ್ತಿಸುವ ತಾನು ಇನ್ನೊಬ್ಬ, ಮೊದಲಿನವನ ಮಾತನ್ನು ಎರಡನೆಯವನು ಕೇಳುವುದಿಲ್ಲ ಎಂಬ ವಿವರಣೆ ಅದರಲ್ಲಿದೆ. ದೇಹ ಕುಣಿಯುವುದನ್ನೂ ಕೈ ಬಡಿಯುವುದನ್ನೂ ನೋಡಿ ಒಳಗೆ ಯಾರೂ ಇಲ್ಲವೆಂದು ನಿರ್ಣಯಿಸುವವರಿಗೆ ಇದು ಎಚ್ಚರಿಕೆ. ಇನ್ನೊಂದು ಎಚ್ಚರಿಕೆಯನ್ನೂ ಇಲ್ಲಿ ಹೇಳುವುದು ನ್ಯಾಯ. ಸೋಮಾ ಅವರ ವಿಧಾನ ಅಮೆರಿಕದಲ್ಲಿ ಪ್ರಚಾರಕ್ಕೆ ಬಂದ ಮೇಲೆ, ನೆರವಾಗುವವರು ಫಲಕವನ್ನು ಹಿಡಿದಿರುವಾಗ ಮೂಡುವ ಮಾತು ನಿಜವಾಗಿ ಯಾರದು ಎಂಬ ಸಂದೇಹ ಎದ್ದಿತು. 2018ರಲ್ಲಿ ಅಲ್ಲಿಯ ವಾಕ್-ಶ್ರವಣ ತಜ್ಞರ ಸಂಘ ಈ ವಿಧಾನವನ್ನು ಬಳಸಬಾರದೆಂದು ಸಲಹೆ ನೀಡಿತು. ‘ನಾನು’ ಎಂಬುದು ಎಷ್ಟು ಅಮೂಲ್ಯವೋ, ಅದನ್ನು ಇನ್ನೊಬ್ಬರ ಬಾಯಿಗೆ ತುರುಕುವುದು ಅಷ್ಟೇ ಅಪಾಯಕರ. ಪ್ರೀತಿಯಿಂದ ತುರುಕಿದರೂ ಅದು ಅಪಾಯವೇ.

ಪ್ರತಿಭೆಯ ಕಥೆಗಳನ್ನು ಇಷ್ಟು ಹೇಳಿದ ಮೇಲೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. 1988ರಲ್ಲಿ ‘ರೇನ್ ಮ್ಯಾನ್’ ಚಲನಚಿತ್ರ ಬಂದ ಮೇಲೆ, ಆಟಿಸಂ ಇರುವವರೆಲ್ಲರೂ ಗಣಿತದ ಚಮತ್ಕಾರಿಗಳೆಂಬ ಕಲ್ಪನೆ ಹರಡಿತು. ಹೆಚ್ಚಿನವರಲ್ಲಿ ಅಂಥ ಚಮತ್ಕಾರವೇನೂ ಇರುವುದಿಲ್ಲ. ಅವರಿಗೆ ಬೇಕಾದದ್ದು ಜನರ ಬೆರಗಲ್ಲ. ದಿನ ಕಳೆಯಲು ಒಂದು ಸ್ಥಳ, ಕೈಗೊಂದು ಕೆಲಸ, ಹೆಸರು ಹಿಡಿದು ಕರೆಯುವ ನಾಲ್ಕು ಜನ. ಡೊನಾಲ್ಡನ ಕಥೆಯನ್ನೇ ಮುಂದುವರಿಸೋಣ. 1942ರಲ್ಲಿ ಅವನನ್ನು ಊರ ಹೊರಗಿನ ರೈತ ದಂಪತಿಗಳ ಮನೆಯಲ್ಲ��� ಬಿಟ್ಟರು. ಅವನಿಗೆ ಅಳೆಯುವ ಹುಚ್ಚು. ರೈತ ಒಂದು ಬಾವಿಯನ್ನು ತೋಡಲು ಹಚ್ಚಿ ಅದರ ಆಳವನ್ನು ಅಳೆದು ಹೇಳುವಂತೆ ಮಾಡಿದ. ಅವನಿಗೆ ಎಣಿಸುವ ಹುಚ್ಚು. ಜೋಳದ ಸಾಲುಗಳನ್ನು ಎಣಿಸುತ್ತಲೇ ಉಳುವಂತೆ ಮಾಡಿದ. ಹುಡುಗ ಸತ್ತ ಹಕ್ಕಿಗಳನ್ನು ಆರಿಸಿ ತರುತ್ತಿದ್ದ. ರೈತ ಅವುಗಳ ಸ್ಮಶಾನಕ್ಕೆಂದು ಒಂದು ತುಂಡು ನೆಲವನ್ನು ಬಿಟ್ಟುಕೊಟ್ಟ. 1945ರಲ್ಲಿ ಕ್ಯಾನರ್ ಅಲ್ಲಿಗೆ ಹೋದಾಗ, ಹುಡುಗ ನೇಗಿಲು ಹಿಡಿದು ಸಾಲಿನ ಕೊನೆಯಲ್ಲಿ ಕುದುರೆಯನ್ನು ತಿರುಗಿಸುವುದನ್ನು ಕಂಡರು. ಆ ರೈತ ಮನಶ್ಶಾಸ್ತ್ರವನ್ನು ಓದಿದವನಲ್ಲ. ಹುಚ್ಚನ್ನು ಬಿಡಿಸುವ ಗೋಜಿಗೆ ಹೋಗದೆ ಅದಕ್ಕೊಂದು ಹೊಲವನ್ನು ಕೊಟ್ಟನು. ಅದೇ ಕ್ಯಾನರ್ 1971ರಲ್ಲಿ ತಮ್ಮ 11 ಮಕ್ಕಳು ಏನಾದರೆಂದು ಹುಡುಕಿ ಬರೆದಾಗ, ಬಾಲ್ಯದಲ್ಲಿಯೇ ಸರ್ಕಾರಿ ಸಂಸ್ಥೆಗಳ ಪಾಲಾಗಿದ್ದವರಲ್ಲಿ ಹಿಂದಿನ ಹೊಳಪು ನಂದಿಹೋಗಿತ್ತು. ಡೊನಾಲ್ಡ್ 1958ರಲ್ಲಿ ಪದವಿ ಪಡೆದು, ಊರಿನ ಬ್ಯಾಂಕಿನಲ್ಲಿ ದುಡಿಯುತ್ತಿದ್ದ, ಗಾಲ್ಫ್ ಆಡುತ್ತಿದ್ದ. ಮುಂದೆ ಕಾರು ನಡೆಸುವುದನ್ನು ಕಲಿತು, ಒಬ್ಬನೇ ದೇಶವಿದೇಶಗಳನ್ನು ಸುತ್ತಿ ಬಂದ. ಅವನಿಗೆ ಅನುಕೂಲಸ್ಥರಾದ ತಂದೆತಾಯಿಗಳಿದ್ದರೆಂಬುದೂ, ಒಂದು ಊರಿಗೆ ಊರೇ ಅವನನ್ನು ತನ್ನವನೆಂದು ಕಂಡಿತೆಂಬುದೂ ಈ ವ್ಯತ್ಯಾಸಕ್ಕೆ ಕಾರಣ.

ಆ ಊರಿನಲ್ಲಿ ಡೊನಾಲ್ಡ್ ಟ್ರಿಪ್ಲೆಟ್ ಅವರನ್ನು ಕುರಿತು ಒಂದು ಕಥೆ ಪ್ರಸಿದ್ಧವಾಗಿತ್ತು. ಈಗ ಅವರನ್ನು ಬಹುವಚನದಲ್ಲಿಯೇ ಕರೆಯಬೇಕು. ಶಾಲೆಯಲ್ಲಿದ್ದಾಗ ಹುಡುಗರು ಕಟ್ಟಡದ ಮುಂಗೋಡೆಯಲ್ಲಿ ಎಷ್ಟು ಇಟ್ಟಿಗೆಗಳಿವೆ ಎಂದು ಕೇಳಿದಾಗ, ಒಮ್ಮೆ ನೋಡಿ ಥಟ್ಟನೆ ಸಂಖ್ಯೆಯನ್ನು ಹೇಳಿಬಿಟ್ಟರೆಂದು. ಅರ್ಧ ಶತಮಾನ ಆ ಊರು ಈ ಪವಾಡವನ್ನು ಹೇಳಿಕೊಂಡು ಬಂದಿತು. 2010ರ ಸುಮಾರಿಗೆ ಇಬ್ಬರು ಪತ್ರಕರ್ತರು ಅವರನ್ನೇ ಕಂಡು ಇದನ್ನು ವಿಚಾರಿಸಿದರು. ಆ ಸಂಖ್ಯೆ ಬಾಯಿಗೆ ಬಂದದ್ದು, ತಾವು ಎಣಿಸಿರಲೇ ಇಲ್ಲ, ಆ ಹುಡುಗರು ತಮ್ಮನ್ನು ಒಳ್ಳೆಯವನೆಂದು ಎಣಿಸಲಿ ಎಂದು ಹಾಗೆ ಹೇಳಿದೆ ಎಂದು ಟ್ರಿಪ್ಲೆಟ್ ತಿಳಿಸಿದರು. ಊರು ಇಟ್ಟಿಗೆಗಳ ಲೆಕ್ಕವನ್ನು ಮೆಚ್ಚುತ್ತಿತ್ತು. ಹುಡುಗ ಗೆಳೆತನದ ಲೆಕ್ಕ ಹಾಕುತ್ತಿದ್ದ. ಪ್ರಥಮ ಪುರುಷದ ಎಪ್ಪತ್ತು ವರ್ಷಗಳ ಬರಹ ತೋರಿಸಲಾರದೆ ಹೋದದ್ದನ್ನು ಆ ಒಂದು ಉತ್ತರ ತೋರಿಸಿತು. 2023ರ ಜೂನ್‌ನಲ್ಲಿ, ತಮ್ಮ 89ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. 2012ರಲ್ಲಿ ಡೇಮಿಯನ್ ಮಿಲ್ಟನ್ ಎಂಬ ಆಂಗ್ಲ ಸಮಾಜಶಾಸ್ತ್ರಜ್ಞರು, ತಾವೂ ಆಟಿಸಂ ಉಳ್ಳವರೇ, ಮಂಡಿಸಿದ ವಿಚಾರವೂ ಇದೇ ದಿಕ್ಕಿನದು. ಅನ್ಯರ ಮನಸ್ಸು ತಿಳಿಯದಿರುವುದು ಒಂದು ಕಡೆಯ ಕೊರತೆಯಲ್ಲ. ಅವರು ನಮ್ಮನ್ನು ಅರಿಯದಷ್ಟೇ ನಾವೂ ಅವರನ್ನು ಅರಿಯೆವು ಎಂಬುದು ಅದರ ಸಾರ.

ನಮ್ಮ ದೇಶದ ಕಾನೂನಿನಲ್ಲಿಯೂ ಈ ಜನ ತಡವಾಗಿಯೇ ಕಾಣಿಸಿಕೊಂಡರು. ಅಂಗವಿಕಲರ ಹಕ್ಕುಗಳಿಗಾಗಿ ಬಂದ 1995ರ ಕಾಯಿದೆಯಲ್ಲಿ ಆಟಿಸಂ ಎಂಬ ಹೆಸರೇ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲಿ ಅದು ಬಂದಿತು. 2016ರ ಕಾಯಿದೆ ಅದನ್ನು 21 ಬಗೆಯ ಅಂಗವೈಕಲ್ಯಗಳಲ್ಲಿ ಒಂದೆಂದು ಎಣಿಸಿತು. ಕಾಗದದ ಮೇಲೆ ಹೆಸರು ಬಂದದ್ದು ಸಣ್ಣ ಸಂಗತಿಯಲ್ಲ. ಆದರೂ ತಾವು ಸತ್ತ ಮೇಲೆ ಈ ಮಗುವಿಗೆ ಯಾರು ಎಂಬ ಪ್ರಶ್ನೆಯನ್ನು ತಲೆದಿಂಬಿನ ಕೆಳಗಿಟ್ಟುಕೊಂಡು ಮಲಗುವ ತಂದೆತಾಯಿಗಳು ನಮ್ಮ ಬೀದಿಬೀದಿಗಳಲ್ಲಿ ಇದ್ದಾರೆ. ಅದಕ್ಕೆ ಉತ್ತರ ಆಸ್ಪತ್ರೆಯಲ್ಲಿ ದೊರೆಯುವುದಿಲ್ಲ. ಮಿಸಿಸಿಪಿಯ ಆ ರೈತನ ಹೊಲದಂಥ ಹೊಲ, ವಿಲಿಯಮ್ಸ್‌ಟೌನಿನ ಆ ಅಂಚೆಕೋಣೆಯಂಥ ಕೋಣೆ, ನಮ್ಮ ಊರುಗಳಲ್ಲಿಯೂ ಇರಬೇಕು.

ವ್ಯಾಕರಣದಿಂದ ಆರಂಭಿಸಿದ ಮಾತನ್ನು ವ್ಯಾಕರಣದಲ್ಲಿಯೇ ಮುಗಿಸುತ್ತೇನೆ. ನಮ್ಮ ನೆರೆಯ ತೆಲುಗಿನಲ್ಲಿ ಉತ್ತಮ ಪುರುಷದ ಬಹುವಚನಕ್ಕೆ ಎರಡು ರೂಪಗಳಿವೆ. ‘ಮನಮು’ ಎಂದರೆ ಕೇಳುವ ನಿಮ್ಮನ್ನೂ ಸೇರಿಸಿಕೊಂಡ ನಾವು. ‘ಮೇಮು’ ಎಂದರೆ ನಿಮ್ಮನ್ನು ಹೊರಗಿಟ್ಟ ನಾವು. ತಮಿಳಿನಲ್ಲಿಯೂ ಈ ಭೇದವುಂಟು. ಇಂದಿನ ಕನ್ನಡದಲ್ಲಿ ಅದಿಲ್ಲ. ನಮಗೆ ಇರುವುದು ಒಂದೇ ‘ನಾವು’. ಅದರಲ್ಲಿ ಯಾರು ಒಳಗೆ, ಯಾರು ಹೊರಗೆ ಎಂಬುದನ್ನು ಕನ್ನಡದ ವ್ಯಾಕರಣ ಗೊತ್ತುಮಾಡುವುದಿಲ್ಲ. ಪ್ರತಿಯೊಂದು ಸಲವೂ ಆಡುವವನ ಮನಸ್ಸು ಗೊತ್ತುಮಾಡುತ್ತದೆ. ‘ನಾನು’ ಎಂದು ಹೇಳಲು ಅವರು ಬಹಳ ದೂರ ನಡೆದು ಬಂದಿದ್ದಾರೆ. ‘ನಾವು’ ಎನ್ನುವಾಗ ಅವರನ್ನು ಎಲ್ಲಿಡುತ್ತೇವೆಂಬುದು ಇನ್ನು ನಮ್ಮ ನಮ್ಮ ನಾಲಿಗೆಗೆ ಬಿಟ್ಟದ್ದು.

(ಬಾನುಲಿ ಭಾಷಣದ ಬರಹರೂಪ)